ಕಿಶೋರನ ಎನ್‌ಒಸಿ

ನಮ್ಮ ಕ್ಲಬ್ಬಿನ ವರ್ಷದ ಆದಾಯ ನಾಲ್ಕು ಲಕ್ಷ ಹತ್ತು ಸಾವಿರ ರೂಪಾಯಿ. ಬಾಣೇರಿನ ಕಡೆ ಹೊಸದಾಗಿ ಎದ್ದಿರುವ ಸಹ್ಯಾದ್ರಿ ಸಿಟಿ ಕ್ಲಬ್ಬಿನವರು ತಮ್ಮ ಮೈದಾನದ ಹುಲ್ಲನ್ನು ಹಸಿರಾಗಿ ಇಡುವುದಕ್ಕೇ ಇದಕ್ಕಿಂತ ಹೆಚ್ಚು ಸುರಿಯುತ್ತಾರೆ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹೊಟ್ಟೆಕಿಚ್ಚು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಂಕಿಯೂ ಇದೆ. ಪುಣೆ ಕ್ಯಾಂಪಿನ ಒಬ್ಬ ಟ್ಯಾಕ್ಸ್ ಸಲಹೆಗಾರರ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಬೇರೆಯವರ ಆದಾಯ ನೋಡುತ್ತ ಕೂತವನು ನಾನು. ಹೆಸರು ಶ್ಯಾಮ. ಸಂಜೆ ಮತ್ತು ಭಾನುವಾರ ಖಡಕಿಯ ಸಂಗಮ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ.

ಒಂದು ಹಾಳೆಯ ಮೇಲೆ ಎರಡು ಸಾಲು ಮಾಡಿ, ಎಡಕ್ಕೆ ನಾವು, ಬಲಕ್ಕೆ ಅವರು ಎಂದು ಟೈಪ್ ಮಾಡಿ, ಲ್ಯಾಮಿನೇಟ್ ಮಾಡಿಸಿದ್ದೆ. ಸ್ಟೇಡಿಯಂ: ಅವರಿಗೆ ಮೂರು ಸಾವಿರ ಕುರ್ಚಿ, ನಾಲ್ಕು ದೀಪದ ಕಂಬ, ನಮಗೆ ಒಂದು ಕಾಂಪೌಂಡ್ ಗೋಡೆ, ಅದರ ಮೇಲೆ ಹತ್ತಿ ಕೂರುವ ಜನ. ಟಿಕೆಟ್: ಅವರಿಗೆ ತಲೆಗೆ ನೂರೈವತ್ತು; ನಮ್ಮಲ್ಲಿ ಡಬ್ಬಿ ಹಿಡಿದು ತಿರುಗುವುದು. ಆಟಗಾರರ ಮೇಲಿನ ಖರ್ಚು: ಅವರದು ತೊಂಬತ್ತು ಲಕ್ಷ, ನಮ್ಮದು ಬೂಟು, ಬಸ್ಸಿನ ಖರ್ಚು, ಗೆದ್ದರೆ ಒಂದೊಂದು ಪ್ಲೇಟು ಮಿಸಳ್. ಸಿಕ್ಕವರಿಗೆಲ್ಲ ಆ ಹಾಳೆ ತೋರಿಸಿ, "ನೋಡ್ರಿ, ಇದೇನು ಆಟ ಏನ್ರಿ? ರೊಕ್ಕದ ಸೊಕ್ಕು" ಎಂದು ಹಾರಾಡುತ್ತಿದ್ದೆ. ನನ್ನ ಹೆಂಡತಿ ಮಾಧುರಿ ಅದಕ್ಕೆ 'ಅಳೂ ಹಾಳಿ' ಎಂದು ಹೆಸರಿಟ್ಟಿದ್ದಳು. ಮನೆಗೆ ಯಾರಾದರೂ ಬಂದರೆ, "ತೋರಸ್ರಿ, ನಿಮ್ಮ ಅಳೂ ಹಾಳಿ ತೋರಸ್ರಿ" ಅನ್ನುವಳು.

ಆ ಹಾಳೆಯಲ್ಲಿ ನಮ್ಮ ಸಾಲಿನಲ್ಲಿ ಬರೆಯಲಾಗದ ಆಸ್ತಿ ಒಂದಿತ್ತು, ಅದು ಕಿಶೋರ. ಅವನ ಅಪ್ಪ ಅಂಬಣ್ಣ, ಅವ್ವ ಯಮನವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬಂದವರು. ಹದಿನೆಂಟು ವರ್ಷದಿಂದ ನಮ್ಮ ಮೈದಾನದ ಗೋಲ್‌ಕಂಬದ ಹಿಂದಿನ ಪತ್ರಾಸಿನ, ಅಂದರೆ ತಗಡಿನ ಖೋಲಿಯಲ್ಲಿ ಇದ್ದಾರೆ. ಬಾಡಿಗೆ ಇಲ್ಲ, ಬದಲಿಗೆ ಅಂಬಣ್ಣ ಸುಣ್ಣದ ಗೆರೆ ಹಾಕಬೇಕು, ಯಮನವ್ವ ಜೆರ್ಸಿ ಒಗೆಯಬೇಕು. ಕಿಶೋರ ಆ ಖೋಲಿಯ ಬಾಗಿಲಲ್ಲೇ ಚೆಂಡು ಒದೆಯಲು ಕಲಿತವನು. ಈಗ ಇಪ್ಪತ್ತೆರಡು ವರ್ಷ. ಹಗಲು ಭೋಸರಿಯ ಗೋದಾಮಿನಲ್ಲಿ ಟೈರು ಎತ್ತುತ್ತಾನೆ, ಸಂಜೆ ಗೋಲು ಹೊಡೆಯುತ್ತಾನೆ. ಹೋದ ವರ್ಷ ಹತ್ತೊಂಬತ್ತು ಹೊಡೆದ.

ಸಹ್ಯಾದ್ರಿಯವರು ಅವನನ್ನು ಕೇಳಿದರು. ತಿಂಗಳಿಗೆ ಇಪ್ಪತ್ತೆಂಟು ಸಾವಿರ, ಇರಲು ರೂಮು, ಊಟ. ಇಪ್ಪತ್ಮೂರು ತುಂಬದ ಹುಡುಗರಿಗೆಂದು ಅವರ ತಂಡದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಕಿಶೋರನಿಗೆ ಜನವರಿಯಲ್ಲಿ ಇಪ್ಪತ್ಮೂರು ತುಂಬುತ್ತದೆ. ಈ ಸಲ ತಪ್ಪಿದರೆ ಮುಂದಿನ ಸಲ ಎಂಬ ಮಾತೇ ಇರಲಿಲ್ಲ. ಬೇಕಾದದ್ದು ಒಂದೇ, ನಮ್ಮ ಕ್ಲಬ್ಬಿನ ಎನ್‌ಒಸಿ. ನಮ್ಮ ತಕರಾರಿಲ್ಲ ಎಂದು ಒಂದು ಸಾಲು, ಕೆಳಗೆ ಕಾರ್ಯದರ್ಶಿಯ ಸಹಿ, ಕ್ಲಬ್ಬಿನ ಮೊಹರು, ಅಂದರೆ ಶಿಕ್ಕಾ. ಶುಕ್ರವಾರ ಸಂಜೆ ಐದರೊಳಗೆ ಲೀಗ್ ಆಫೀಸಿಗೆ ಮುಟ್ಟಬೇಕು.

ಸೋಮವಾರ ತಾಯಿ ಮಗ ಇಬ್ಬರೂ ಮನೆಗೆ ಬಂದರು. ಕಾಗದವನ್ನು ಕಿಶೋರನೇ ಟೈಪ್ ಮಾಡಿಸಿ ತಂದಿದ್ದ.

"ಸಾಹೇಬ್ರ, ನಿಮ್ಮ ಕೈಯಾಗ ಅದ ನೋಡ್ರಿ" ಎಂದಳು ಯಮನವ್ವ. "ಇವರಪ್ಪಗ ಮೊಣಕಾಲು ಹಿಡದಾವ. ಇದೊಂದು ಆತಂದ್ರ ನಾ ಬಂದು ಅಕ್ಕಾರಿಗೆ ಉಡಿ ತುಂಬತೀನಿ."

"ಆಗೂದ ಯಮನವ್ವ, ಎಲ್ಲಿ ಹೋಗತದ! ಶಿಕ್ಕಾ ಹೊಡದು ಕೊಡತೀನಿ" ಎಂದೆ. ಆಗ ಹೇಳಿದ್ದು ಸುಳ್ಳಲ್ಲ. ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಮಂಗಳವಾರ ದತ್ತು ಶೇಠ್ ಫೋನ್ ಮಾಡಿದರು. ಬಿಬವೇವಾಡಿಯಲ್ಲಿ ಅವರದು ದೊಡ್ಡ ಟೈಲ್ಸ್ ಅಂಗಡಿ. ಎರಡು ವರ್ಷ ಅವರ ಬೆನ್ನು ಹತ್ತಿದ್ದೆ, ನಮ್ಮ ಮೈದಾನಕ್ಕೆ ಐನೂರು ಜನ ಕೂರುವ ಗ್ಯಾಲರಿ ಕಟ್ಟಿಸಿಕೊಡಿ ಎಂದು. ಐನೂರು ಜನ ಕೂತರೆ ಟಿಕೆಟ್ ಇಡಬಹುದು, ಟಿಕೆಟ್ ಇಟ್ಟರೆ ಆದಾಯ, ಆದಾಯ ಬಂದರೆ ನಾವೂ ನಾಲ್ಕು ಜನ ಆಟಗಾರರನ್ನು ಸಂಬಳಕ್ಕೆ ಇಟ್ಟು ಆ ಬಾಣೇರಿನವರ ಎದುರು ತಲೆ ಎತ್ತಬಹುದು. ಶೇಠ್ ಈ ಭಾನುವಾರ ಮ್ಯಾಚ್ ನೋಡಲು ಬರುವೆ, ಮನಸ್ಸಿಗೆ ಬಂದರೆ ಅಲ್ಲೇ ಮಾತು ಮುಗಿಸೋಣ ಎಂದರು.

"ತೋ ನೌ ನಂಬರ್ ಆಹೇ ನಾ?" ಎಂದು ಕೊನೆಗೆ ಕೇಳಿದರು. ಆ ಒಂಬತ್ತನೇ ನಂಬರಿನ ಹುಡುಗ ಇದ್ದಾನಲ್ಲ ಎಂದು. ಕಿಶೋರನ ಜೆರ್ಸಿ ಅದು.

"ಆಹೇ ನಾ ಶೇಠ್!" ಎಂದುಬಿಟ್ಟೆ.

ಬಾಯಿಂದ ಬಂದ ಮೇಲೆ ಅದನ್ನು ನಿಜ ಮಾಡಬೇಕಲ್ಲ. ಬುಧವಾರ ಕಿಶೋರ ಬಂದಾಗ, "ಶಿಕ್ಕಾ ಅಧ್ಯಕ್ಷರ ಹತ್ತಿರ ಅದಪಾ, ಅವರು ನಾಶಿಕಕ್ಕ ಹೋಗ್ಯಾರ" ಎಂದೆ. ಶಿಕ್ಕಾ ನನ್ನ ಚೀಲದಲ್ಲೇ ಇತ್ತು, ಊಟದ ಡಬ್ಬಿಯ ಪಕ್ಕದಲ್ಲಿ. ಗುರುವಾರ ಅವನು ಗೋದಾಮಿನ ಕೆಲಸ ಬಿಟ್ಟು ಕ್ಯಾಂಪಿನ ನನ್ನ ಆಫೀಸಿಗೇ ಬಂದ. "ನಾಳೆ ಮುಂಜಾನೆ ಬರ್ತಾರ, ಅವಸರ ಮಾಡಬ್ಯಾಡ" ಎಂದು ಗದರಿದೆ. ಗದರಿದೆ! ತಪ್ಪು ನನ್ನದಾದಾಗ ನನಗೆ ಸಿಟ್ಟು ಬೇಗ ಬರುತ್ತದೆ, ಇದು ಮಾಧುರಿಗೆ ಚೆನ್ನಾಗಿ ಗೊತ್ತು.

ಶುಕ್ರವಾರ ಫೋನನ್ನು ಸೈಲೆಂಟ್ ಮಾಡಿ ಡ್ರಾಯರಿಗೆ ಹಾಕಿದೆ. ಒಬ್ಬನ ಭವಿಷ್ಯ ದೊಡ್ಡದೋ, ಕ್ಲಬ್ಬಿನ ಭವಿಷ್ಯ ದೊಡ್ಡದೋ ಎಂದು ಮನಸ್ಸಿನಲ್ಲೇ ಭಾಷಣ ಮಾಡಿಕೊಂಡೆ. ಗ್ಯಾಲರಿ ಬಂದರೆ ಕಿಶೋರನಿಗೆ ನಾವೇ ಸಂಬಳ ಕೊಡಬಹುದು ಎಂದು ಅದಕ್ಕೊಂದು ತೇಪೆಯನ್ನೂ ಹಚ್ಚಿದೆ. ಐದೂ ಹತ್ತಕ್ಕೆ ಡ್ರಾಯರ್ ತೆಗೆದರೆ ಕಿಶೋರನ ಹದಿನಾಲ್ಕು ಕರೆ ಬಂದಿದ್ದವು. ಕೊನೆಯದು ಐದಕ್ಕೆ ಎರಡು ನಿಮಿಷ ಇದ್ದಾಗ. ಥೂ ನನ್ನ ಜನ್ಮಕ್ಕೆ! ಅವನಿಗೆ ತಿರುಗಿ ಫೋನ್ ಮಾಡುವಷ್ಟೂ ಗಂಡಸುತನ ಇರಲಿಲ್ಲ. 'ಅಧ್ಯಕ್ಷರು ಬರಲೇ ಇಲ್ಲ, ನಾನೇನು ಮಾಡಲಿ' ಎಂದು ಮೆಸೇಜು ಹಾಕಿದೆ.

ಭಾನುವಾರ ದತ್ತು ಶೇಠ್ ಬಿಳಿ ಗಾಡಿಯಲ್ಲಿ ಬಂದರು. ಕಿಶೋರ ಆಡಿದ. ಬರುವುದಿಲ್ಲವೇನೋ ಎಂದು ನಾನು ಮುಂಜಾನೆಯಿಂದ ಒದ್ದಾಡಿದ್ದೆ, ಆದರೆ ಬಂದ, ಎರಡು ಗೋಲು ಹೊಡೆದ, ಯಾರ ಜೊತೆಗೂ ಮಾತಾಡಲಿಲ್ಲ. ಶೇಠ್ ಅರ್ಧ ಆಟಕ್ಕೇ ಎದ್ದು, ಬಿಸಿಲು ಭಾರಿ ಇದೆ, ಗ್ಯಾಲರಿಯ ವಿಚಾರ ಮುಂದೆ ನೋಡೋಣ ಎಂದರು. ಸದ್ಯಕ್ಕೆ ಐವತ್ತು ಪ್ಲಾಸ್ಟಿಕ್ ಕುರ್ಚಿ ಕಳಿಸುತ್ತೇನೆ ಎಂದು ನನ್ನ ಬೆನ್ನು ತಟ್ಟಿದರು. ಬುಧವಾರ ಬಂದವು. ಕೆಂಪು ಕುರ್ಚಿ, ಪ್ರತಿಯೊಂದರ ಬೆನ್ನಿಗೂ ಟೈಲ್ಸ್ ಅಂಗಡಿಯ ಹೆಸರು.

ಮ್ಯಾಚ್ ಮುಗಿದ ಮೇಲೆ ಕಿಶೋರ ಬೂಟಿನ ದಾರ ಬಿಚ್ಚುತ್ತಿದ್ದ. ನಾನು ಹತ್ತಿರ ಹೋಗಿ, "ಬ್ಯಾಸರ ಮಾಡ್ಕೋಬ್ಯಾಡಪಾ" ಎಂದೆ.

"ಆತು ಬಿಡ್ರಿ ಸರ್" ಎಂದ. "ಅಧ್ಯಕ್ಷರು ವಾರ ಪೂರಾ ಇಲ್ಲೇ ಇದ್ರಂತಲ್ರಿ. ಬ್ಯಾಂಕಿನಾಗ ಅಪ್ಪಾಗ ಸಿಕ್ಕಿದ್ರಂತ." ಅಷ್ಟು ಹೇಳಿ ಬೂಟು ಕೈಯಲ್ಲಿ ಹಿಡಿದು ಹೋದ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅವನು ನನ್ನ ಮುಖ ಕೂಡ ನೋಡಲಿಲ್ಲ.

ಮಾಧುರಿಗೆ ಒಂದು ಮಾತೂ ಹೇಳಲಿಲ್ಲ. ಆ ವಾರ ನನಗೆ ಊಟ ಸೇರಲಿಲ್ಲ, ಸೆಖೆ ಎಂದೆ. ಮೈದಾನಕ್ಕೆ ಹೋಗಲಿಲ್ಲ, ಆಡಿಟ್ ಎಂದೆ.

ಶುಕ್ರವಾರ ಮುಂಜಾನೆ ಒಂಬತ್ತಕ್ಕೆ ನಾನು ಆಫೀಸಿಗೆ ಹೊರಡುವ ಹೊತ್ತಿಗೆ ಯಮನವ್ವ ಬಾಗಿಲಲ್ಲಿ ನಿಂತಿದ್ದಳು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಬಂತು, ಬೈಯಲಿ, ಚಪ್ಪಲಿ ತಗೊಂಡು ಹೊಡೆಯಲಿ ಎಂದುಕೊಂಡೆ.

"ಬಾರವಾ ಯಮನವ್ವ, ಒಳಗ ಬಾ" ಎಂದಳು ಮಾಧುರಿ.

ಯಮನವ್ವ ಒಳಗೆ ಬಂದು ಬುಟ್ಟಿ ಇಳಿಸಿ ನನಗೆ ಕೈ ಮುಗಿದಳು. "ಸಾಹೇಬ್ರ, ತಪ್ಪಾತ್ರಿ. ಹೊಟ್ಟಿಯಾಗ ಹಾಕ್ಕೋರಿ."

ನನಗೆ ತಿಳಿಯಲಿಲ್ಲ. "ಏನು ತಪ್ಪು?" ಎಂದೆ.

"ನೀವು ಅಷ್ಟು ಓಡ್ಯಾಡಿ ಕಾಗದ ಮಾಡಿ ಕೊಟ್ರಿ. ಈ ನನ್ನ ಮಗ ಕಡೀಗೆ ವಲ್ಲೆ ಅಂದಾನ್ರಿ. 'ನಾ ಸಂಗಮ ಬಿಟ್ಟು ಹೋಗೂದಿಲ್ಲವಾ, ಸರ್ ಸಹಿ ಮಾಡಿದ್ರು, ನನಗ ಮನಸ್ಸಾಗಲಿಲ್ಲ' ಅಂತ ಹೇಳ್ಯಾನ. ಭಾಳ ಬೈದ್ನಿರಿ ಅವನಿಗೆ. ಎರಡು ದಿನ ಮಾತು ಬಿಟ್ಟಿದ್ದೆ. ನಿಮ್ಮ ಮುಂದ ಮಾರಿ ತೋರಸ್ಲಿಕ್ಕೂ ನಾಚಿಕಿ ಬಂತು. ಆದ್ರ ನೀವು ಮಾಡೂದು ಮಾಡಿದ್ರಿ. ಅಂದ್ಕೊಂಡಿದ್ದು ನಾ ತಪ್ಪಿಸಬಾರದಲ್ರಿ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾಧುರಿ ಮಣೆ ಹಾಕಿಕೊಂಡು ಕೂತು, ನಗುತ್ತ ಸೆರಗು ಒಡ್ಡಿದ್ದಳು. ಯಮನವ್ವ ಅವಳಿಗೆ ಅರಿಷಿಣ ಕುಂಕುಮ ಹಚ್ಚಿದಳು. ರವಿಕೆಯ ಖಣ ಇಟ್ಟಳು. ಮೇಲೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಬೆಟ್ಟ, ಐದು ಬೊಗಸೆ ಅಕ್ಕಿ. ಜೆರ್ಸಿ ಒಗೆದು ಒಗೆದು ಅವಳ ಬೆರಳ ತುದಿಗಳು ಬಿರಿದಿದ್ದವು. ಹದಿನೆಂಟು ವರ್ಷ ನಾನು ಆ ಕೈ ನೋಡಿರಲಿಲ್ಲ. ಒಂದೊಂದು ಬೊಗಸೆ ಬೀಳುವಾಗಲೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂದುಕೊಂಡೆ. ಐದೂ ಮುಗಿದವು.

"ಒಳ್ಳೇ ಮಗ ಬಿಡವಾ" ಎಂದಳು ಮಾಧುರಿ. "ರೊಕ್ಕ ಬಿಟ್ಟು ನಿಂತಾನಂದ್ರ ಸಣ್ಣ ಮಾತಲ್ಲ."

ಆ ಮಾತನ್ನು ನನ್ನಿಂದ ತಾಳಿಕೊಳ್ಳಲಾಗಲಿಲ್ಲ.

"ಅವಾ ವಲ್ಲೆ ಅಂದಿಲ್ಲ" ಎಂದೆ. "ಯಮನವ್ವ, ನಾ ಸಹಿ ಮಾಡಲೇ ಇಲ್ಲ."

ಇಬ್ಬರೂ ನನ್ನನ್ನು ನೋಡಿದರು.

"ಶಿಕ್ಕಾ ನನ್ನ ಹತ್ರಾನ ಇತ್ತು. ಬೇಕಂತನ ಸಹಿ ಮಾಡದ ಕೂತೆ. ಶೇಠ್ ಬಂದು ಅವನ ಆಟ ನೋಡಲಿ ಅಂತ ತಡದೆ. ಗ್ಯಾಲರಿ ಕಟ್ಟಸ್ತಾರಂತ... ಕ್ಲಬ್ಬಿಗೆ ಆದಾಯ ಇಲ್ಲ, ಆ ಬಾಣೇರಿನವರ ಮುಂದ ನಾವು ಏನೂ ಅಲ್ಲ, ಭಾಳ ಸಣ್ಣವರು ನಾವು..." ಹೇಳುತ್ತ ಹೋದಂತೆ ನನ್ನ ಮಾತು ನನಗೇ ಅಸಹ್ಯವಾಯಿತು, ನಿಲ್ಲಿಸಿದೆ.

ಮಾಧುರಿಯ ನಗು ಆರಿತು. ಉಡಿಯನ್ನು ಎರಡೂ ಕೈಯಿಂದ ಹಿಡಿದು ಕೂತಲ್ಲೇ ಕೂತಳು. "ಅಯ್ಯ ಶಿವನ" ಎಂದಳು, ನನಗಲ್ಲ.

ಯಮನವ್ವ ಕೂಗಾಡಲಿಲ್ಲ. ಖಾಲಿ ಬುಟ್ಟಿಯೊಳಗಿನ ಬಟ್ಟೆಯನ್ನು ತೆಗೆದು ಮಡಚಿದಳು. "ಮತ್ತ ಅವಾ ನನ್ನ ಮುಂದ ಹಂಗ್ಯಾಕ ಹೇಳ್ಯಾನ್ರಿ?" ಎಂದಳು, ಲೆಕ್ಕ ಬಗೆಹರಿಯದವಳ ಹಾಗೆ. ಆಮೇಲೆ ತಾನೇ ಹೇಳಿದಳು: "ನಾ ಬಂದು ನಿಮ್ಮ ಕೂಡ ಜಗಳಾ ತೆಗೀತೀನಿ ಅಂತ ಅಂಜಿರಬೇಕ್ರಿ. ಜಗಳಾ ತೆಗೆದ್ರ ನೀವು ಖೋಲಿ ಬಿಡಸ್ತೀರಿ ಅಂತ."

ಇಷ್ಟು ವರ್ಷ ಎಡಕ್ಕೆ ನಾನು, ಬಲಕ್ಕೆ ಅವರು ಎಂದು ಬಡವನ ಸಾಲಿನಲ್ಲಿ ನಿಂತು ಅತ್ತಿದ್ದೆ. ನನ್ನ ಎಡಕ್ಕೂ ಜನ ಇದ್ದರು, ನನ್ನ ಒಂದು ಸಹಿಗೆ, ಒಂದು ಸಿಟ್ಟಿಗೆ ಹೆದರಿ ಬದುಕುವ ಜನ. ಅವರಿಗೆ ನಾನೇ ದೊಡ್ಡ ಕ್ಲಬ್ಬು.

"ಛೇ ಛೇ, ಯಮನವ್ವ! ನಾ ಖೋಲಿ ಬಿಡಸೂದಾ? ನಾ ಅಂಥಾವ ಅಂತ ತಿಳಕೊಂಡಿ ಏನು?"

ಅವಳು ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು. ನನ್ನನ್ನು ನೇರವಾಗಿ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನನಗೇನು ಗೊತ್ರಿ ಸಾಹೇಬ್ರ. ಸಹಿ ಮಾಡತೀರಿ ಅಂತನೂ ತಿಳಕೊಂಡಿದ್ದೆ."

ಮಾಧುರಿಗೆ "ಬರ್ತೀನ್ರಿ ಅಕ್ಕಾರ" ಎಂದು ಹೇಳಿ ಮೆಟ್ಟಿಲು ಇಳಿದು ಹೋದಳು.