ಬಿಳಿ ಅಂಗಿಯ ನೀಲಿ ದಾರ

ನಮ್ಮ ಹೊಲಿಗೆ ಅಂಗಡಿಗೆ ಜನ ಹರಿದದ್ದನ್ನು ತರುತ್ತಾರೆ, ಉದ್ದವಾದದ್ದನ್ನು ತರುತ್ತಾರೆ, ಹೊಟ್ಟೆ ಬೆಳೆದು ಬಿಗಿಯಾದದ್ದನ್ನು ‘ಒಗೆದಾಗ ಕುಗ್ಗಿಬಿಡ್ತು’ ಎಂದು ಸುಳ್ಳು ಹೇಳಿಕೊಂಡು ತರುತ್ತಾರೆ. ಸತ್ತ ಸಾಲವನ್ನು ಹೊತ್ತು ತಂದವನು ಮಾತ್ರ ಆ ವಸೂಲಿಯವನೊಬ್ಬನೇ.

ಮೊದಲು ಫೋನು ಬಂತು. ಹಳೆಯ ಸಾಲದ ವಸೂಲಿಗೆ ಎಂದು ನಮ್ಮ ಯಜಮಾನರನ್ನು ಕೇಳಿದರು.

"ಅವರು ತೀರಿಕೊಂಡು ಆರು ವರ್ಷ ಆಯ್ತು" ಎಂದೆ.

"ಅಯ್ಯೋ ಪಾಪ. ಮತ್ತೆ ಯಾವಾಗ ಸಿಗ್ತಾರೆ?" ಎಂದಿತು ಆ ಕಡೆಯ ಗಂಡುದನಿ. ಓದಿ ಒಪ್ಪಿಸುವವರ ದನಿ.

ನನಗೆ ಮೈಯೆಲ್ಲ ಉರಿದುಹೋಯಿತು. "ಅಷ್ಟು ಅರ್ಜೆಂಟಿದ್ರೆ ನೀವೇ ಹೋಗಿ ಕೇಳ್ಕೊಂಡು ಬನ್ನಿ!" ಎಂದು ಫೋನು ಕುಕ್ಕಿದೆ. ಬಾಯಿಗೆ ಬೀಗವಿಲ್ಲದವಳು ನಾನು. ಆಡಬಾರದ ಮಾತು ಎಂದು ಆಮೇಲೆ ಅನ್ನಿಸಿತು.

ವಿಷಯ ಇಷ್ಟೇ. ಒಳಕೋಣೆಯಲ್ಲಿರುವ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವನ್ನು ಇವರು ಬಹಳ ಹಿಂದೆ ಕಂತಿನ ಮೇಲೆ ಕೊಂಡಿದ್ದರು. ಆ ಕಂತು ತೀರಿಸಲು ಹಗಲೆಲ್ಲ ತುಳಿದು ತುಳಿದು ಇವರ ಕಾಲು ಬಾತುಹೋಗುತ್ತಿತ್ತು. ಸಂಜೆ ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಕೊನೆಯ ಕಂತು ಕಟ್ಟಿ ಬಂದ ದಿನ ಅಂಗಡಿಗೆ ಬೀಗ ಹಾಕಿ ಮಲಗಿದವರು ಸಂಜೆವರೆಗೆ ಏಳಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಸೀದಿಗಳನ್ನು ಮಾತ್ರ ಇಲಿ ತಿಂದಿತ್ತು. ಯಂತ್ರ ಮಾರಿದ ಅಂಗಡಿ ಬಾಗಿಲು ಹಾಕಿಕೊಂಡಿತು, ಅದರ ಹಳೆಯ ಬಾಕಿಗಳನ್ನು ಯಾರೋ ರದ್ದಿ ಕಾಗದದ ಹಾಗೆ ಸಗಟಾಗಿ ಕೊಂಡರು, ಅವರಿಂದ ಇನ್ನಾರೋ ಕೊಂಡರು. ಹೀಗೆ ಕೈಯಿಂದ ಕೈಗೆ ಹೋಗುತ್ತ, ತೀರಿದ ಸಾಲ ತೀರದ ಸಾಲವಾಗಿ ನಮ್ಮ ಹೊಸ್ತಿಲಿಗೆ ಬಂದು ನಿಂತಿತ್ತು.

ನನ್ನ ನಾದಿನಿ ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಮಾಡುತ್ತಾಳೆ. ಓಡಿಬಂದಳು.

"ಅತ್ತಿಗೆ, ಸರಿಯಾಗಿ ಕೇಳಿಸ್ಕೊಳ್ಳಿ. ಇಷ್ಟು ವರ್ಷ ಆದ್ಮೇಲೆ ಅದು ಸತ್ತ ಸಾಲ. ಕೋರ್ಟಿಗೆ ಹೋದ್ರೂ ನಿಲ್ಲಲ್ಲ. ಆದ್ರೆ ಪೀಡೆ ತೊಲಗಲಿ ಅಂತ ನೀವು ಒಂದು ಕಾಸು ಕೊಟ್ರಿ ಅನ್ನಿ, ಸತ್ತಿದ್ದು ಎದ್ದು ಕೂತ್ಕೊಳ್ಳುತ್ತೆ. ಏನೂ ಕೊಡಬೇಡಿ, ಎಲ್ಲೂ ಸಹಿ ಹಾಕಬೇಡಿ."

"ನನ್ನ ಕೈಯಿಂದ ಕಾಸು ಬಿಡಿಸೋನು ಇನ್ನೂ ಹುಟ್ಟಿಲ್ಲ ಕಣೇ."

"ಅದು ನಮ್ಮ ಮನೇಲಿ ಎಲ್ಲರಿಗೂ ಗೊತ್ತು ಬಿಡಿ" ಎಂದು ನಕ್ಕಳು.

ಕಾಸಿನ ವಿಷಯದಲ್ಲಿ ನಾನು ಗಟ್ಟಿ, ನಿಜ. ಆದರೆ ನನಗೊಂದು ಕೆಟ್ಟ ಚಾಳಿಯಿದೆ. ಜೋತಾಡುವ ಗುಂಡಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಮುದುಕರ ಅಂಗಿಗೂ ಸೂಜಿ ಹಾಕಿದವಳು ನಾನು. ಅದಕ್ಕೆ ಕೂಲಿ ಕೇಳಿದ್ದೇ ಇಲ್ಲ. ಇವರು ಬೈಯುತ್ತಿದ್ದರು. ಗುಂಡಿಗೊಮ್ಮೆ ಬೈಗುಳ, ದಾರವನ್ನು ಹಲ್ಲಿನಿಂದ ಕಡಿದರೆ ಇನ್ನೊಮ್ಮೆ: "ಕತ್ತರಿ ಯಾಕಿದೆಯೇ? ಇಲಿ ಥರ ಕಡೀತೀಯಲ್ಲ!"

ಕೂಲಿಯ ವಿಷಯದಲ್ಲಿ ಇವರದು ಒಂದೇ ಮಾತು. ಗಿರಾಕಿ ತಕರಾರು ತೆಗೆದರೆ ಜಗಳವಾಡುತ್ತಿರಲಿಲ್ಲ, ನ್ಯಾಯಕ್ಕೂ ಹೋಗುತ್ತಿರಲಿಲ್ಲ. ಎದುರಿಗೇ ಹೊಲಿಗೆ ಬಿಚ್ಚಿ, ಬಟ್ಟೆ ಅವನಿಗೆ ಕೊಟ್ಟು, ದಾರ ತಾವು ಇಟ್ಟುಕೊಳ್ಳುತ್ತಿದ್ದರು. "ಹೊಲಿಗೆ ಬಿಚ್ಚಿದ್ರೆ ಲೆಕ್ಕ ಬಿಚ್ಚಿತು. ನಿಮಗೆ ನಾವು ಬಾಕಿಯಿಲ್ಲ, ನಮಗೆ ನೀವು ಬಾಕಿಯಿಲ್ಲ." ಒಮ್ಮೆ ಒಬ್ಬ ದೊಡ್ಡ ಮನುಷ್ಯರ ಇಡೀ ಕೋಟನ್ನು ಹಾಗೆ ಬಿಚ್ಚಿ, ಎರಡು ತೋಳು ಬೇರೆ ಬೇರೆ ಮಡಚಿ ಕೈಗಿಟ್ಟಿದ್ದರು. ಆ ಮಹಾಶಯ ತೋಳುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯಲ್ಲಿ ನಡೆದುಹೋದದ್ದನ್ನು ನೆನೆದು ನಾವು ವರ್ಷಗಟ್ಟಲೆ ನಕ್ಕಿದ್ದೇವೆ.

ವಸೂಲಿಯವನು ಬಂದದ್ದು ಮಧ್ಯಾಹ್ನ. ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ರೌಡಿಯೊಬ್ಬ ಬರುತ್ತಾನೆಂದು ಉದ್ದದ ಕತ್ತರಿಯನ್ನು ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಬಂದವನು ನೋಡಿದರೆ ತಲೆ ಬಾಚಿದ, ಮೆತ್ತಗೆ ಮಾತಾಡುವ ಮನುಷ್ಯ. ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬಂದ. ಇಷ್ಟು ಬಿಸಿಲಿನಿಂದ ಬಂದವನ ಮುಖದಲ್ಲಿ ಬೆವರಿನ ಒಂದು ಹನಿಯೂ ಇರಲಿಲ್ಲ.

"ಒಂದು ಕಾಸೂ ಕೊಡಲ್ಲ" ಎಂದೆ, ಅವನು ಬಾಯಿ ತೆರೆಯುವ ಮೊದಲೇ.

"ಬೇಡಮ್ಮ. ಸುಮ್ಮನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

ನನ್ನ ಕಣ್ಣು ಅವನ ಎದೆಯ ಮೇಲೆ ನಿಂತಿತ್ತು. ಅಗಲ ಭುಜದ ಬಿಳಿ ಅಂಗಿ, ಅವನಿಗೆ ಒಂದು ಅಳತೆ ದೊಡ್ಡದು. ಎರಡನೆಯ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು. ಅವನು ಉಸಿರಾಡಿದಾಗ ಅಲ್ಲ, ಮಾತಾಡಿದಾಗ ಮಾತ್ರ ಅದು ಅಲುಗುತ್ತಿತ್ತು. ಉಸಿರಿಗೆ ಅವನ ಎದೆ ಏಳುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ.

"ನಿಂತ್ಕೊಳ್ಳಿ ಅಲ್ಲೇ" ಎಂದು ಸೂಜಿ ಪೋಣಿಸಿದೆ. ಕೈ ನನ್ನ ಮಾತು ಕೇಳಲಿಲ್ಲ. "ಇದನ್ನ ಹೊಲಿದ ಪುಣ್ಯಾತ್ಮರು ಯಾರು? ಬಿಳಿ ಅಂಗಿಗೆ ನೀಲಿ ದಾರ! ಕಣ್ಣು ಕಾಣ್ತಿರಲಿಲ್ವಾ?"

ಹಳೆಯ ನೀಲಿ ಎಳೆ ಕಿತ್ತು, ಬಿಳಿ ದಾರದಲ್ಲಿ ಗುಂಡಿ ಬಿಗಿದು, ಬಗ್ಗಿ ಹಲ್ಲಿನಿಂದ ಕಡಿದೆ. ಅಂಗಿಯಿಂದ ಹಸಿಮಣ್ಣಿನ ವಾಸನೆ ಬಂತು.

"ನೀವೇ ಹೊಲಿದಿದ್ದಮ್ಮ" ಎಂದ ಅವನು.

ಇವರನ್ನು ಕಳಿಸಿಕೊಡುವ ದಿನ ಬೆಳಿಗ್ಗೆ ಹೊಸ ಬಿಳಿ ಅಂಗಿ ಹೊಲಿದವಳು ನಾನು. ಎದೆಯ ಆ ಎರಡನೆಯ ಗುಂಡಿಯೊಂದು ಉಳಿದಿದ್ದಾಗ ಬಿಳಿ ದಾರ ಮುಗಿದುಹೋಗಿತ್ತು, ಕಣ್ಣೀರಿನಲ್ಲಿ ಕೈಗೆ ಸಿಕ್ಕಿದ ನೀಲಿ ದಾರದಲ್ಲೇ ಬಿಗಿದಿದ್ದೆ. ಆ ಅಂಗಿ ತೊಡಿಸಿಯೇ ಇವರನ್ನು ಮಣ್ಣಿಗೆ ಇಳಿಸಿದ್ದು.

"ಇದು ನಿಮಗೆ ಹೇಗೆ..." ಎಂದೆ.

"ಬಾಕಿ ಕೊಂಡ ಮೇಲೆ ಬಾಕಿಯವರದ್ದೆಲ್ಲ ನಮ್ಮದೇ ಅಲ್ವಾ? ಹೋಗಿ ಕೇಳಿ ಅಂತ ನೀವೇ ಫೋನಲ್ಲಿ ಹೇಳಿದ್ರಿ. ಹೋಗಿದ್ವಿ." ಜೇಬಿನಿಂದ ಚೀಟಿ ತೆಗೆದು ಏನೋ ಗೀಚಿ ಮೇಜಿನ ಮೇಲಿಟ್ಟ. "ಗುಂಡಿ ಹಾಕಿದ ಕೂಲಿ ನೀವು ಕೇಳಲಿಲ್ಲ. ಅದನ್ನ ಸಾಲಕ್ಕೆ ಜಮಾ ಮಾಡ್ಕೊಂಡಿದ್ದೀವಿ. ಇನ್ನು ಸಾಲ ಜೀವಂತ. ಸಾಲ ಎದ್ದ ಮೇಲೆ ಸಾಲಗಾರನೂ ಏಳಬೇಕಲ್ಲ?"

ಚಪ್ಪಲಿ ಮೆಟ್ಟಿಕೊಂಡು ಬಿಸಿಲಿಗೆ ಇಳಿದುಹೋದ. ಕಾಸಿನ ಡಬ್ಬಿಗೆ ಕಾವಲು ಕೂತವಳು ಸೂಜಿಯ ಡಬ್ಬಿ ತೆರೆದಿಟ್ಟಿದ್ದೆ.

ಮಾರನೆಯ ದಿನ ನಾನು ಮುಂದಿನ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಿದ್ದಾಗ ಒಳಕೋಣೆಯಲ್ಲಿ ಯಂತ್ರ ಓಡತೊಡಗಿತು. ಎರಡು ತುಳಿತ, ಒಂದು ತಡೆ. ಎರಡು ತುಳಿತ, ಒಂದು ತಡೆ. ಎಡ ಮಂಡಿ ನೋಯುವವರ ತುಳಿತ. ಈ ಸದ್ದು ಕೇಳಿಕೊಂಡೇ ನಾನು ಸಂಸಾರ ಮಾಡಿದ್ದು. ಇದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಪರದೆ ಸರಿಸಿದೆ. ಯಾರೂ ಇಲ್ಲ. ಯಂತ್ರದ ಮುಸುಕನ್ನು ಇವರು ಮಡಚುವ ಹಾಗೆಯೇ ನಾಲ್ಕು ಮಡಿಕೆಯಾಗಿ ಮಡಚಿಟ್ಟಿತ್ತು. ನಾನು ನೋಡುತ್ತಿದ್ದಂತೆ ತುಳಿಹಲಗೆ ಕೆಳಗೆ ಹೋಯಿತು, ಮೇಲೆ ಬಂತು. ಅದರ ಮೇಲೆ ಒದ್ದೆ ಮಣ್ಣು ಮೆತ್ತಿತ್ತು.

ಹೆದರಿ ಓಡಿಹೋದೆ ಎಂದರೆ ಸುಳ್ಳಾದೀತು. ಹೆದರಿದೆ, ಆದರೆ ಓಡಲಿಲ್ಲ. ಮುಂದಿನ ಮೇಜಿಗೆ ಬಂದು ಕೂತು ಆ ಸದ್ದು ಕೇಳಿದೆ. ಮನೆ ತುಂಬಿದ ಹಾಗಾಯಿತು. ಮಾರನೆಯ ದಿನ, ಹೊಲಿಯಬೇಕಾದ ಬಟ್ಟೆಗಳನ್ನು ನಾನೇ ತಂದು ಯಂತ್ರದ ಪಕ್ಕ ಇಟ್ಟೆ. ಸಂಜೆಗೆ ಅಂಚು ಹೊಲಿದು ಸಿದ್ಧವಾಗಿದ್ದವು. "ನಿಮ್ಮ ಕೈಹೊಲಿಗೆ ಹಾಳಾಗಿಲ್ಲ ಕಣ್ರೀ" ಎಂದು ಖಾಲಿ ಕುರ್ಚಿಗೆ ಹೇಳಿದೆ. ನಾದಿನಿ ಫೋನು ಮಾಡಿ ಅವನು ಬಂದಿದ್ದನಾ ಎಂದು ಕೇಳಿದರೆ, ಬಂದು ಬರಿಗೈಲಿ ಹೋದ ಎಂದೆ. ಸುಖವಾಗಿದ್ದೆ, ಯಾಕೆ ಸುಳ್ಳು ಹೇಳಲಿ.

ಆದರೆ ದಿನ ಕಳೆದಂತೆ ತಡೆ ಉದ್ದವಾಯಿತು. ಎರಡು ತುಳಿತ, ಬಹಳ ಹೊತ್ತು ಏನೂ ಇಲ್ಲ, ಆಮೇಲೆ ಯಾರೋ ಹಿಂದಿನಿಂದ ಗದರಿಸಿದ ಹಾಗೆ ಮತ್ತೆ ತುಳಿತ. ಒಂದು ಸಂಜೆ ಹಳೆಯ ರೂಢಿಯಂತೆ ಬಿಸಿನೀರಿನ ಬೋಗುಣಿ ಕುರ್ಚಿಯ ಮುಂದಿಟ್ಟು ಬಂದೆ. ಮರಳಿ ಹೋದಾಗ ನೀರು ಕೊರೆಯುತ್ತಿತ್ತು, ಕೆಸರಾಗಿತ್ತು, ಕೆಸರಿನಲ್ಲಿ ರಕ್ತದ ಎಳೆಗಳಿದ್ದವು. ಆಗ ಇವರ ಕೊನೆಯ ಮಾತು ನೆನಪಾಯಿತು. ಹಾಸಿಗೆಯಲ್ಲಿ ಕಾಲು ಚಾಚಿ, ಮಗುವಿನ ಹಾಗೆ ನಗುತ್ತ ಹೇಳಿದ್ದು: "ಅಬ್ಬ, ಇನ್ನು ತುಳಿಯೋದು ಬೇಡ ಕಣೇ."

ಬೋಗುಣಿಯ ಮುಂದೆ ಕೂತು ಅತ್ತೆ. ಆರು ವರ್ಷ ಮಲಗಿದ್ದವರನ್ನು ಎಬ್ಬಿಸಿ ದುಡಿಸುತ್ತಿದ್ದವನು ಅವನೊಬ್ಬನೇ ಅಲ್ಲ. ಬಟ್ಟೆ ತಂದು ಇಡುತ್ತಿದ್ದವಳು ನಾನು.

ವಸೂಲಿಯವನು ಮತ್ತೆ ಬಂದ, ಅದೇ ಅಂಗಿಯಲ್ಲಿ. ಒಳಗಿನ ಸದ್ದಿಗೆ ಕಿವಿಗೊಟ್ಟು ತಲೆದೂಗಿದ.

"ಕಂತು ಚೆನ್ನಾಗಿ ಬರ್ತಾ ಇದೆಯಮ್ಮ."

"ಎಷ್ಟು ದಿನ ತುಳೀಬೇಕು ಅವರು?"

"ಬಡ್ಡಿ ಇದೆಯಲ್ಲ" ಎಂದ ನಗುತ್ತ. "ನಿಮಗೂ ಜೊತೆ ಆಯ್ತು. ನಷ್ಟ ಏನು?"

ನಷ್ಟ ಏನೆಂದು ನನಗೆ ಗೊತ್ತಿತ್ತು. ಈಗ ನಾನು ಮಾಡಹೊರಟದ್ದನ್ನು ಮಾಡಿದರೆ ಆ ಸದ್ದು ನಿಲ್ಲುತ್ತದೆ, ಇನ್ನೆಂದೂ ಕೇಳುವುದಿಲ್ಲ. ಪರದೆಯ ಕಡೆ ಒಮ್ಮೆ ನೋಡಿದೆ. ಎರಡು ತುಳಿತ, ಉದ್ದನೆಯ ತಡೆ.

"ಸ್ವಲ್ಪ ಹತ್ತಿರ ಬನ್ನಿ, ಗುಂಡಿ ಸೊಟ್ಟಗೆ ಕೂತಿದೆ" ಎಂದೆ.

ಬಂದ. ಕತ್ತರಿಯ ತುದಿಯನ್ನು ಗುಂಡಿಯ ಅಡಿಗೆ ತೂರಿಸಿ ಕಚಕ್ಕನೆ ಕತ್ತರಿಸಿದೆ. ಅವನ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬಾವಿಯ ಕಲ್ಲಿನ ಹಾಗೆ ತಣ್ಣಗಿತ್ತು.

"ಅದು ಜಮಾ ಆಗಿದೆ! ಚೀಟಿ ಕೊಟ್ಟಿದ್ದೀವಿ!"

"ಚೀಟಿ ನೀವು ಬರ್ಕೊಂಡಿದ್ದು. ಕೂಲಿ ಕೊಡಲಿಲ್ಲ, ಹೊಲಿಗೆ ಬಿಚ್ಚಿದೀನಿ. ಈ ಅಂಗಡಿ ಪದ್ಧತಿ ಇದು, ಬೇಕಾದ್ರೆ ಒಳಗಿರೋರನ್ನ ಕೇಳಿ." ಬಿಳಿ ದಾರದ ಚೂರುಗಳನ್ನು ಒಂದೊಂದಾಗಿ ಅಂಗಿಯಿಂದ ಕಿತ್ತುಕೊಂಡೆ. ಗುಂಡಿಯನ್ನು ಅವನ ಅಂಗೈಗೆ ಹಾಕಿದೆ. "ದಾರ ನನ್ನದು, ಗುಂಡಿ ನಿಮ್ಮದು. ನಿಮಗೆ ನಾವು ಬಾಕಿಯಿಲ್ಲ. ನಡೀರಿ."

ಮಣಿಕಟ್ಟಿನ ಹಿಡಿತ ಸಡಿಲಿತು. ಮೇಜಿನ ಮೇಲಿದ್ದ ಚೀಟಿಯನ್ನು ಅವನು ಎತ್ತಿ ನೋಡಿದ. ಅದರಲ್ಲಿ ಏನೂ ಬರೆದಿರಲಿಲ್ಲ. ತೆರೆದ ಎದೆಯ ಅಂಗಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದ. ಚಪ್ಪಲಿ ಮೆಟ್ಟುವುದನ್ನೂ ಮರೆತ. ಅವು ಈಗಲೂ ಹೊರಗೇ ಬಿದ್ದಿವೆ, ನಾಯಿಗಳೂ ಮೂಸುವುದಿಲ್ಲ.

ಒಳಗೆ ಸದ್ದು ನಿಂತಿತ್ತು.

ಪರದೆ ಸರಿಸಿ ಹೋದೆ. ತುಳಿಹಲಗೆಯ ಮೇಲಿನ ಮಣ್ಣು ಒಣಗಿ ಪುಡಿಯಾಗಿತ್ತು. ಸೂಜಿಯ ಕೆಳಗೆ ಒಂದು ಲಂಗದ ಅಂಚು ಅರ್ಧ ಹೊಲಿದು ನಿಂತಿತ್ತು. ಕುರ್ಚಿಯಲ್ಲಿ ಕೂತೆ, ಸೂಜಿ ಎತ್ತಿದೆ, ಬಟ್ಟೆ ಎಳೆದುಕೊಂಡೆ. ಕತ್ತರಿ ಪಕ್ಕದಲ್ಲೇ ಇತ್ತು. ಬಗ್ಗಿ ದಾರವನ್ನು ಹಲ್ಲಿನಿಂದಲೇ ಕಡಿದೆ. ಬೇಕೆಂದೇ, ಸದ್ದಾಗುವ ಹಾಗೆ.

ಕಾದೆ. ಯಾರೂ ಬೈಯಲಿಲ್ಲ.