ಒಡೆಯದ ಕಾಯಿ

ತೆಂಗಿನಕಾಯಿ ಒಡೆಯಲಿಲ್ಲ, ದಪ್ಪೆಂದು ಬಿದ್ದು, ಒಂದು ಹೊರಳು ಹೊರಳಿ, ಜುಟ್ಟನ್ನು ನಮ್ಮತ್ತ ತಿರುಗಿಸಿ ಸುಮ್ಮನಾಯಿತು. ಆ ನೋಟ ಇಂದಿಗೂ ನನ್ನ ಕಣ್ಣಲ್ಲಿದೆ.

ನಮ್ಮೂರ ಗುಡಿಯ ಮುಂದೆ ಪ್ರತಿವರ್ಷ ಕಾವ್ಯ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಹೇಳುವರು. ಕಾಯಿ ಒಡೆಯದೆ ಮೊದಲ ಪದ್ಯ ಏಳುವಂತಿರಲಿಲ್ಲ. ನಾನು ಆ ಪದ್ಯಗಳನ್ನು ಕೇಳುತ್ತಲೇ ಬೆಳೆದವಳು. ಕೇಳಿದ್ದೆಲ್ಲ ಬಾಯಿಗೆ ಬರುತ್ತಿತ್ತು. ಭೌತಶಾಸ್ತ್ರವನ್ನೂ ಹಾಗೆಯೇ ಕಲಿತೆ. ಅಂದು ಬೆಳಿಗ್ಗೆ ತರಗತಿಯಲ್ಲಿ ಎದ್ದು ನಿಂತು, "ಸಂವೇಗದಲ್ಲಾಗುವ ಬದಲಾವಣೆಯೇ ಆವೇಗ; ಅದು ಬಲ ಮತ್ತು ಕಾಲಗಳ ಗುಣಲಬ್ಧ" ಎಂದು ಒಂದೇ ಉಸಿರಿಗೆ ಒಪ್ಪಿಸಿದ್ದೆ.

"ರಾಗ ಚೆನ್ನಾಗಿದೆ ಕಣಮ್ಮ," ಎಂದರು ನಮ್ಮ ಕುಮುದಾ ಮೇಡಂ. "ಅರ್ಥ ಹೇಳೋರು ಯಾರಾದ್ರೂ ಬಂದಿದಾರಾ?"

ತರಗತಿಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ವೇಗವಾಗಿ ಬಂದದ್ದು ನಿಲ್ಲಲೇಬೇಕು. ಮೆಲ್ಲಗೆ ನಿಂತರೆ ಪೆಟ್ಟು ಕಡಿಮೆ, ಥಟ್ಟನೆ ನಿಂತರೆ ಹೆಚ್ಚು. ಎಲ್ಲಾದ್ರೂ ಕಣ್ಣಾರೆ ನೋಡು, ಆಮೇಲೆ ಬಂದು ಹೇಳು."

ಆ ಸಂಜೆ ಓದಬೇಕಾಗಿದ್ದವಳು ನನ್ನ ಅಕ್ಕ ಕಾತ್ಯಾಯಿನಿ. ಓದುವವರ ಮಣೆಯ ಮೇಲೆ ಹೆಣ್ಣುಮಗಳು ಕೂತದ್ದು ಅದೇ ಮೊದಲು. ಕಾಯಿ ಒಡೆಯಲು ನಿಂತಿದ್ದ ಶೇಷಗಿರಿ ಮಾವ ಮತ್ತೊಮ್ಮೆ ಅದನ್ನೆತ್ತಿ ಅಪ್ಪಳಿಸಿದರು. ಅದೇ ಸದ್ದು, ಅದೇ ಹೊರಳು.

"ಹೆಣ್ಣು ಓದೋದು ದೇವರಿಗೆ ಒಪ್ಪಿಗೆ ಇಲ್ಲ," ಎಂದರು ಹಿರಿಯರಾದ ಅನಂತರಾಮಯ್ಯ. "ಪುಸ್ತಕ ಕಟ್ಟಿಡಿ."

"ಕಾಯಿ ಗಟ್ಟಿ ಇದ್ದೀತು ಬಿಡಿ, ಅಣ್ಣಯ್ಯ," ಎಂದರು ಮಾವ.

"ಇಷ್ಟು ವರ್ಷ ಇಲ್ಲದ್ದು ಇವತ್ತೇ ಗಟ್ಟಿ ಆಯ್ತೇನಯ್ಯ?"

ಅಕ್ಕ ತಲೆ ತಗ್ಗಿಸಿ ಪುಸ್ತಕಕ್ಕೆ ಬಟ್ಟೆ ಸುತ್ತತೊಡಗಿದಳು. ಕೆಲವರು ಎದ್ದು ಚಪ್ಪಲಿ ಹುಡುಕಿದರು. ನಾನು ಕಣ್ಣು ಮುಚ್ಚಿ ದೇವರನ್ನು ಬೇಡಿಕೊಂಡೆ. ಕಣ್ಣು ತೆರೆದಾಗ ಕಂಡದ್ದು, ಕಾಯಿ ಒಡೆಯುವ ಕಲ್ಲಿಗೆ ಹೊದಿಸಿದ್ದ ಕೆಂಪು ವಸ್ತ್ರದಡಿಯಿಂದ ಇಣುಕುತ್ತಿದ್ದ ಗೋಣಿಯ ಅಂಚು. ಹೊಸದಾಗಿ ಕೂರಿಸಿದ ಆ ಚಪ್ಪಡಿ ಬಿರುಕು ಬಿಡದಿರಲೆಂದು ಮಾವನೇ ಗೋಣಿಚೀಲವನ್ನು ಮಡಿಸಿ ಮಡಿಸಿ ಹಾಸಿದ್ದರು. ಕಾಯಿಯ ಸಂವೇಗ ಹೇಗಿದ್ದರೂ ಕಳೆಯಬೇಕು. ಗೋಣಿ ಕಾಲವನ್ನು ಹಿಗ್ಗಿಸಿ ಬಲವನ್ನು ಕುಗ್ಗಿಸಿತ್ತು.

"ಮಾವ, ಆ ಗೋಣಿ ತೆಗೀರಿ!"

"ಹೊಸ ಕಲ್ಲು ಕಣೇ, ಸೀಳಿಬಿಟ್ಟರೆ?"

"ನಿಮ್ಮ ಕೈ ಜೋರಾಗೇ ಹೊಡೀತಿದೆ ಮಾವ. ಗೋಣಿ ಕಾಯಿನ ಮೆಲ್ಲಗೆ ಹಿಡಿದು ನಿಲ್ಲಿಸ್ತಿದೆ, ಪೆಟ್ಟೇ ಬೀಳ್ತಿಲ್ಲ. ಬರೀ ಕಲ್ಲಾದರೆ ಥಟ್ಟನೆ ನಿಲ್ಲಬೇಕಾಗತ್ತೆ."

"ಅಕ್ಕ ಓದೋಕೆ, ತಂಗಿ ಅರ್ಥ ಹೇಳೋಕೆ! ಚೆನ್ನಾಗಿದೆ ಜೋಡಿ," ಅನಂತರಾಮಯ್ಯ ಮೂತಿ ತಿರುವಿದರು.

ಮಾವ ವಸ್ತ್ರವನ್ನೂ ಗೋಣಿಯನ್ನೂ ಎಳೆದುಹಾಕಿ ಕೈ ಎತ್ತಿದರು. ಠಳ್ಳೆಂದಿತು ಕಾಯಿ. ಬಿಳಿಯ ಹೋಳುಗಳು ಎರಡು ಕಡೆಗೆ ಸಿಡಿದವು. ನೀರು ಅನಂತರಾಮಯ್ಯನವರ ಮುಖಕ್ಕೇ ಹಾರಿತು. ಅವರು ಹೆಗಲ ವಸ್ತ್ರದಿಂದ ಮೆಲ್ಲಗೆ ಮುಖ ಒರೆಸಿಕೊಂಡರು.

"ಹ್ಞೂಂ... ಓದಮ್ಮ, ಹೊತ್ತಾಯಿತು."

ಅಕ್ಕ ಗಂಟು ಬಿಚ್ಚಿದಳು. ಮೊದಲ ಸಾಲನ್ನು ರಾಗವಾಗಿ ಎತ್ತಿಕೊಂಡಳು. ಎರಡನೆಯ ಸಾಲಿಗೆ, ಹೊರಟು ನಿಂತಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಕಳಚಿ, ಸದ್ದಾಗದಂತೆ ಬಂದು ಕೂತರು.