ಐದನೇ ಪುಟ

ಮಿಲಿಟರಿ ಮಾವ ಕೆಂಪು ಗುಂಡಿ ಒತ್ತಿಯೇಬಿಟ್ಟರು. ಸಂಜೆ ಪತ್ರಿಕೆ ಅಚ್ಚಾಗುತ್ತಿದ್ದ ಯಂತ್ರ ನರಳುತ್ತ ನಿಂತಿತು. ಹೊರಗೆ ವ್ಯಾನುಗಳು ಹಾರ್ನ್ ಹೊಡೆಯತೊಡಗಿದವು.

ಮ್ಯಾನೇಜರ್ ಮಹಡಿಯಿಂದ ದಡದಡ ಇಳಿದು ಬಂದ. "ಯಾರನ್ನ ಕೇಳಿ ನಿಲ್ಲಿಸಿದ್ರಿ?"

ಮಾವ ಐದನೇ ಪುಟವನ್ನು ಅವನ ಮುಂದೆ ಹಿಡಿದರು. ನಿಧನ ವಾರ್ತೆಯಲ್ಲಿ ಎರಡು ಫೋಟೊ ಅದಲುಬದಲಾಗಿದ್ದವು. "ಸತ್ತಿರೋನು ನನ್ನ ಗೆಳೆಯ. ಹೆಸರು ಅವನದ್ದು, ಮೋರೆ ಇನ್ಯಾರದ್ದೋ."

"ಅಷ್ಟೇನಾ? ನಾಳೆ ತಿದ್ದುಪಡಿ ಹಾಕಿದ್ರಾಯ್ತು."

"ನಾಳೆ ಅವನು ಇನ್ನೊಂದ್ಸಲ ಸಾಯ್ತಾನಾ, ಸಾರ್? ಈ ಪುಟದ ಅಚ್ಚಿಗೆ ಹೊಸ ಪ್ಲೇಟು ಮಾಡೋಕೆ ಇಪ್ಪತ್ತು ನಿಮಿಷ ಸಾಕು."

"ಅಷ್ಟರಲ್ಲಿ ಪತ್ರಿಕೆ ಒಯ್ಯೋ ರೈಲೇ ಹೊರಟುಹೋಗಿರತ್ತೆ."

ಯುದ್ಧದಲ್ಲಿ ಕಾಲಿಗೆ ಗುಂಡು ತಗಲಿ ಬಿದ್ದಿದ್ದ ಮಾವನನ್ನು ಆ ಗೆಳೆಯ ಹೆಗಲ ಮೇಲೆ ಹೊತ್ತು ಹಳ್ಳ ದಾಟಿಸಿದ್ದ. ಅದೇ ಕಾಲನ್ನು ಎಳೆದುಕೊಂಡು ಬಂದು, ಇಲ್ಲಿ ಕಾಗದದ ರೀಲು ಉರುಳಿಸುವ ಕೆಲಸಕ್ಕೆ ಸೇರಿ, ಮೂವತ್ತೆಂಟು ವರ್ಷದಲ್ಲಿ ಅವರು ಫೋರ್‌ಮನ್ ಆಗಿದ್ದರು. ಮಂತ್ರಿಯ ಹೆಸರಿನಲ್ಲಿ ಒಂದು ಕೊಂಬು ಬಿಟ್ಟುಹೋಯಿತೆಂದು ಇದೇ ಯಂತ್ರ ಮುಕ್ಕಾಲು ಗಂಟೆ ನಿಂತದ್ದುಂಟು.

ಮ್ಯಾನೇಜರ್ ಮಶೀನ್‌ಮನ್ ಕಡೆ ತಿರುಗಿದ. "ಶುರು ಮಾಡು."

ಆ ಮಶೀನ್‌ಮನ್ ಕೈಗೆ ಸ್ಪ್ಯಾನರ್ ಕೊಟ್ಟು ಕೆಲಸ ಕಲಿಸಿದವರೇ ಮಾವ. "ನನ್ನದೂ ಹೊಟ್ಟೆಪಾಡು, ಮಾವಾ," ಎಂದು ಅವನು ತಲೆ ತಗ್ಗಿಸಿ ಹಸಿರು ಗುಂಡಿ ಒತ್ತಿದ. ಗೆಳೆಯನ ಹೆಸರಿನ ಮೇಲೆ ಅಪರಿಚಿತನೊಬ್ಬನ ನಗು ನೂರು, ಸಾವಿರ, ಹತ್ತು ಸಾವಿರವಾಗಿ ಹೊರಬಿತ್ತು. ಮಾವ ಹಲ್ಲು ಕಚ್ಚಿಕೊಂಡು ನೋಡುತ್ತ ನಿಂತರು. ಯುದ್ಧದಲ್ಲಾದರೆ ವೈರಿ ಎದುರಿಗಿರುತ್ತಿದ್ದ. ಇಲ್ಲಿ ಯಾರ ಕುತ್ತಿಗೆ ಹಿಡಿಯುವುದು?

ವ್ಯಾನುಗಳು ಹೋದಮೇಲೆ ಅವರು ತಾವೇ ಹೊಸ ಪ್ಲೇಟು ಮಾಡಿಕೊಂಡು ಬಂದರು. ಮಶೀನ್‌ಮನ್ ಅದರ ಇನ್ನೊಂದು ತುದಿ ಹಿಡಿದ. ಐವತ್ತು ಪ್ರತಿ ಅಚ್ಚಾದವು. ತಡೆಯಲು ಬಂದ ಮ್ಯಾನೇಜರ್ ಮಾವನ ಮುಖ ನೋಡಿ ಮೆಟ್ಟಿಲಿನಿಂದಲೇ ಹಿಂದಿರುಗಿದ.

ಮಾವ ಹೊಸ ಪ್ರತಿ ಹಿಡಿದು ಗೆಳೆಯನ ಮನೆಗೆ ಹೋದಾಗ ಅವನ ಹೆಂಡತಿ ಕಿಟಕಿಯ ಪಕ್ಕ ಕುಳಿತಿದ್ದರು. ಮಡಿಲಲ್ಲಿ ಆಗಲೇ ಪತ್ರಿಕೆಯಿತ್ತು.

"ಅದನ್ನ ನೋಡ್ಬೇಡ ತಂಗಿ, ತಪ್ಪಾಗಿದೆ."

"ನೋಡಿ ಆಯ್ತಣ್ಣ. ಆ ಮುಖ ಕತ್ತರಿಸಿ ತೆಗೆದೆ."

ಪುಟದ ನಡುವೆ ಚೌಕದ ತೂತು. ಮಾವ ಹೊಸ ಪ್ರತಿ ಮುಂದಿಟ್ಟರು. ಆಕೆ ಅದನ್ನು ಬಹಳ ಹೊತ್ತು ನೋಡಿದರು. "ಕಣ್ಣು ಮಂಜಾಗ್ತಿದೆ. ನೀನೇ ಓದಣ್ಣ."

ಮಾವ ಓದಿದರು. ಅಷ್ಟು ವರ್ಷ ಯಂತ್ರದ ಗದ್ದಲದ ಮೇಲೆ ಕೂಗಿ ಕೂಗಿ ಆ ಗಂಟಲಿಗೆ ಮೆಲುದನಿ ಗೊತ್ತಿರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರೇ ಕಿಟಕಿಯತ್ತ ತಿರುಗಿ ನಿಂತರು.